ಯುದ್ಧ ನಡೆಯುವ ದೇಶದಿಂದ ಊರಿಗೆ ಮರಳುವ ಬಗೆ: ಅಲ್ಲಿರುವವರಿಗೂ ಮನೆಯವರಿಗೂ

ಪರದೇಶದಲ್ಲಿ ಯುದ್ಧ ಹೊತ್ತಿಕೊಂಡಾಗ ಊರಿನಲ್ಲಿ ಮೊದಲು ಕೇಳಿಬರುವ ಮಾತು ‘ಸರ್ಕಾರ ವಿಮಾನ ಕಳಿಸುತ್ತದೆ’ ಎಂಬುದು. ಅದು ಹುಸಿ ಭರವಸೆಯೇನಲ್ಲ. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿಕೊಂಡಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು, ಬಹುಪಾಲು ಜೋರ್ಡಾನಿನ ಅಮ್ಮಾನ್ ಮೂಲಕ, ಕರೆತರಲಾಯಿತು. 2015ರಲ್ಲಿ ಯೆಮೆನ್, 2022ರಲ್ಲಿ ಉಕ್ರೇನ್, 2023ರಲ್ಲಿ ಸುಡಾನ್, 2025ರಲ್ಲಿ ಇರಾನ್ ಮತ್ತು ಇಸ್ರೇಲ್‌ಗಳಿಂದಲೂ ಸಾವಿರಾರು ಮಂದಿ ಹೀಗೆಯೇ ಮರಳಿದರು. ಆದರೆ ಆ ವಿಮಾನವಾಗಲಿ ಹಡಗಾಗಲಿ ಬಂದು ನಿಲ್ಲುವುದು ಹಲವು ದೇಶಗಳು ಒಪ್ಪಿಕೊಂಡ ಜಾಗದಲ್ಲಿ, ಒಪ್ಪಿಕೊಂಡ ಹೊತ್ತಿನಲ್ಲಿ. ಅಲ್ಲಿಯವರೆಗಿನ ದಾರಿಯ ಬಹುಪಾಲನ್ನು ಸಿಕ್ಕಿಬಿದ್ದವರೇ ಕ್ರಮಿಸಬೇಕಾಗುತ್ತದೆ. ಆ ದಾರಿಗೆ ಸಿದ್ಧರಾಗುವುದು ಹೇಗೆ ಎಂಬುದಷ್ಟೇ ಈ ಬರಹದ ವಿಷಯ.

ಕಾರ್ಯಾಚರಣೆ ಕೂಡಿಬರುವ ರೀತಿ

2023ರ ಏಪ್ರಿಲ್ 15ರಂದು ಸುಡಾನಿನ ರಾಜಧಾನಿ ಖಾರ್ಟೂಮ್‌ನಲ್ಲಿ ಅಲ್ಲಿನ ಸೇನೆಗೂ ಅರೆಸೇನಾಪಡೆಯಾದ ಆರ್‌ಎಸ್‌ಎಫ್‌ಗೂ ಕಾಳಗ ಶುರುವಾಯಿತು. ವಿಮಾನ ನಿಲ್ದಾಣವೇ ರಣರಂಗವಾದ್ದರಿಂದ ಭಾರತದ ವಿಮಾನ ಅಲ್ಲಿ ಇಳಿಯುವಂತಿರಲಿಲ್ಲ. ಒಂಬತ್ತು ದಿನ ಕಳೆದ ಮೇಲೆ ‘ಆಪರೇಷನ್ ಕಾವೇರಿ’ ಘೋಷಣೆಯಾಯಿತು. ಅದೇ ಹೊತ್ತಿಗೆ ಅಮೆರಿಕ ಮತ್ತು ಸೌದಿ ಅರೇಬಿಯಾದ ಮಧ್ಯಸ್ಥಿಕೆಯಿಂದ 72 ಗಂಟೆಗಳ ಕದನವಿರಾಮವೂ ಜಾರಿಗೆ ಬಂತು. ಜನರು ಬಸ್ಸುಗಳಲ್ಲಿ ಸುಮಾರು 850 ಕಿಲೋಮೀಟರ್ ಸಾಗಿ ಕೆಂಪು ಸಮುದ್ರದ ದಡದ ಪೋರ್ಟ್ ಸುಡಾನ್ ತಲುಪಬೇಕು, ಅಲ್ಲಿಂದ ನೌಕಾಪಡೆಯ ಹಡಗಿನಲ್ಲೋ ವಾಯುಪಡೆಯ ವಿಮಾನದಲ್ಲೋ ಸೌದಿಯ ಜೆಡ್ಡಾಕ್ಕೆ ಹೋಗಬೇಕು, ಜೆಡ್ಡಾದಿಂದ ಭಾರತಕ್ಕೆ ವಿಮಾನ ಹತ್ತಬೇಕು ಎಂಬುದು ಏರ್ಪಾಡು. ಐಎನ್‌ಎಸ್ ಸುಮೇಧಾ ಮೊದಲ ತಂಡದ 278 ಮಂದಿಯನ್ನು ಹೊತ್ತು ಹೊರಟಿತು. ಮೇ 5ರ ಹೊತ್ತಿಗೆ ಒಟ್ಟು 3,862 ಮಂದಿ ಹೊರಬಂದಿದ್ದರು.

ಈ ಸರಪಳಿಯಲ್ಲಿ ಭಾರತದ ಕೈಯಲ್ಲಿದ್ದುದು ಹಡಗು, ವಿಮಾನ ಮತ್ತು ಬಸ್ಸಿನ ಬಾಡಿಗೆ. ಉಳಿದುದೆಲ್ಲ ಪರರ ಒಪ್ಪಿಗೆ. ಕಾದಾಡುವ ಎರಡೂ ಬಣ ರಸ್ತೆ ಬಿಡಬೇಕು, ಸೌದಿ ತನ್ನ ಬಂದರನ್ನೂ ವಿಮಾನ ನಿಲ್ದಾಣವನ್ನೂ ತೆರೆದಿಡಬೇಕು. ಯೆಮೆನ್‌ನಲ್ಲಿಯೂ ಅಷ್ಟೆ: ಸೌದಿ ನೇತೃತ್ವದ ಒಕ್ಕೂಟವು ಆಕಾಶಮಾರ್ಗವನ್ನು ಮುಚ್ಚಿದ್ದ ಕಾರಣ ರಾಜಧಾನಿ ಸನಾದಲ್ಲಿ ಇಳಿದೇಳಲು ನಮ್ಮ ವಿಮಾನಗಳಿಗೆ ದಿನಕ್ಕೆ ಕೆಲವೇ ಗಂಟೆಗಳ ಅನುಮತಿ ಸಿಗುತ್ತಿತ್ತು, ಹೊರಬಂದವರಿಗೆ ಪುಟ್ಟ ಜಿಬೂಟಿ ದೇಶ ತಂಗುವ ಜಾಗ ಕೊಟ್ಟಿತು. ಆಗ ಅಲ್ಲಿನ ಬಂದರು ನಗರ ಮುಕಲ್ಲಾದಲ್ಲಿ ಸಿಲುಕಿದ್ದ 11 ಭಾರತೀಯರನ್ನು ಹೊರತಂದದ್ದು ಪಾಕಿಸ್ತಾನದ ನೌಕೆ. ಭಾರತದ ಹಡಗುಗಳು ಹತ್ತಾರು ದೇಶಗಳ ನೂರಾರು ಮಂದಿಯನ್ನು ಹತ್ತಿಸಿಕೊಂಡವು. ಅಪ್ಪಣೆಯಿಲ್ಲದೆ ನುಗ್ಗಿ ಜನರನ್ನು ಎತ್ತಿಕೊಂಡು ಬರುವ ಸಾಹಸ ಸಿನಿಮಾಕ್ಕೆ ಒಪ್ಪುತ್ತದೆ. ಖಾರ್ಟೂಮ್‌ನ ಉತ್ತರಕ್ಕಿರುವ ವಾದಿ ಸಯ್ಯಿದ್ನಾದ ಹಾಳುಬಿದ್ದ ರನ್‌ವೇಯಲ್ಲಿ, ದೀಪವೂ ಇಲ್ಲದ ರಾತ್ರಿಯಲ್ಲಿ ವಾಯುಪಡೆಯ ವಿಮಾನ ಇಳಿದು 121 ಮಂದಿಯನ್ನು ಕರೆದೊಯ್ದದ್ದು ನಿಜವಾದರೂ ಅದು ಅಪರೂಪದಲ್ಲಿ ಅಪರೂಪ. ಅದನ್ನು ನೆಚ್ಚಿ ಯೋಜನೆ ಹಾಕಿಕೊಳ್ಳುವಂತಿಲ್ಲ.

ಹೋದ ಕೂಡಲೇ ಮಾಡಬೇಕಾದುದು

ವಿದೇಶಕ್ಕೆ ಹೋದ ಮೊದಲ ವಾರದಲ್ಲೇ ಅಲ್ಲಿನ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಬಹುತೇಕ ರಾಯಭಾರ ಕಚೇರಿಗಳ ಜಾಲತಾಣದಲ್ಲಿ ಇದಕ್ಕೆ ನಮೂನೆ ಇರುತ್ತದೆ. ವಿದ್ಯಾರ್ಥಿಗಳಿಗೆ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿಯೂ ನೋಂದಣಿಗೆ ಅವಕಾಶವಿದೆ. ಪಟ್ಟಿಯಲ್ಲಿ ಇಲ್ಲದವರನ್ನು ಸರ್ಕಾರ ಬಿಟ್ಟುಬಿಡುತ್ತದೆಂದಲ್ಲ, ಆದರೆ ಎಷ್ಟು ಬಸ್ಸು ಬೇಕು, ಯಾವ ಊರಿಗೆ ಬೇಕು ಎಂದು ಲೆಕ್ಕ ಹಾಕುವುದು ಆ ಪಟ್ಟಿಯಿಂದಲೇ. ಮನೆ ಅಥವಾ ಊರು ಬದಲಿಸಿದರೆ ವಿಳಾಸವನ್ನೂ ಬದಲಿಸಿ.

ಇದರ ಮಹತ್ವ ಕನ್ನಡಿಗರಿಗೆ ಚೆನ್ನಾಗಿ ತಿಳಿದದ್ದು ಹಕ್ಕಿಪಿಕ್ಕಿ ಸಮುದಾಯದವರಿಂದ. ಗಿಡಮೂಲಿಕೆಯ ಔಷಧ, ತಲೆಗೂದಲ ಎಣ್ಣೆ ಮಾರುತ್ತ ಆಫ್ರಿಕದ ದೇಶಗಳನ್ನು ಸುತ್ತುವ ಈ ಜನರಲ್ಲಿ ಹಲವು ಕುಟುಂಬಗಳು ಆ ಏಪ್ರಿಲ್‌ನಲ್ಲಿ ಸುಡಾನಿನಲ್ಲಿದ್ದವು, ಅವರಲ್ಲಿ ಒಂದು ಗುಂಪು ಎಲ್ ಫಾಶರ್‌ನಲ್ಲಿ ಸಿಲುಕಿತ್ತು. ಹಡಗು ನಿಂತಿದ್ದ ಪೋರ್ಟ್ ಸುಡಾನ್ ದೇಶದ ಪೂರ್ವದ ಅಂಚು. ಎಲ್ ಫಾಶರ್ ಇರುವುದು ಪಶ್ಚಿಮದ ಡಾರ್ಫರ್‌ನಲ್ಲಿ. ಅವರು ನೀರು, ಆಹಾರವಿಲ್ಲವೆಂದು ಮೊಬೈಲಿನಲ್ಲಿ ಚಿತ್ರಿಸಿ ಕಳಿಸಿದ ವಿಡಿಯೊಗಳಿಂದ ರಾಜ್ಯಕ್ಕೆ ಸುದ್ದಿ ಮುಟ್ಟಿತು. ಕಂಪನಿಯ ಕೆಲಸಕ್ಕೆ ಹೋದವರ ಲೆಕ್ಕ ಕಂಪನಿಯ ಬಳಿ ಇರುತ್ತದೆ. ಊರೂರು ತಿರುಗಿ ವ್ಯಾಪಾರ ಮಾಡುವವರ ಲೆಕ್ಕ ಅವರೇ ಕೊಡದಿದ್ದರೆ ಯಾರ ಬಳಿಯೂ ಇರುವುದಿಲ್ಲ.

ಕಾಗದಪತ್ರಗಳ ವಿಷಯಕ್ಕೆ ಬಂದರೆ, ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ಕೆಲಸದ ಕರಾರು ಅಥವಾ ಅಂಕಪಟ್ಟಿ, ಇವುಗಳ ಫೋಟೊ ತೆಗೆದು ಊರಿನಲ್ಲಿರುವ ಒಬ್ಬರಿಗೆ ಕಳಿಸಿಡಿ. ಮಾಲೀಕರೇ ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಪದ್ಧತಿ ಹಲವು ದೇಶಗಳಲ್ಲಿ ಇನ್ನೂ ಹೋಗಿಲ್ಲ. ಅಂಥವರಿಗೆ ರಾಯಭಾರ ಕಚೇರಿಯು ಭಾರತಕ್ಕೆ ಒಂದು ಸಲ ಮಾತ್ರ ಪಯಣಿಸಲು ಬರುವ ತುರ್ತು ಪ್ರಮಾಣಪತ್ರ, ಅಂದರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತದೆ. ಹಳೆಯ ಪಾಸ್‌ಪೋರ್ಟಿನ ಪ್ರತಿಯೊಂದು ಕೈಯಲ್ಲಿದ್ದರೆ ಪೌರತ್ವ ಖಚಿತಪಡಿಸಿಕೊಳ್ಳುವ ಕೆಲಸ ಬೇಗ ಮುಗಿಯುತ್ತದೆ. ಆಫ್ರಿಕದ ದೇಶಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆಯ ಪತ್ರವನ್ನು ಪಾಸ್‌ಪೋರ್ಟಿನ ಜೊತೆಗೇ ಇಡಬೇಕು. ಸುಡಾನಿನಿಂದ ಬದುಕಿ ಬಂದವರಲ್ಲಿ ಈ ಪತ್ರ ಇಲ್ಲದ ಕೆಲವರು ಬೆಂಗಳೂರಿನಲ್ಲಿ ಇಳಿದ ಮೇಲೂ ಮನೆಗೆ ಹೋಗಲಾಗದೆ ಕ್ವಾರಂಟೈನ್‌ನಲ್ಲಿ ಉಳಿಯಬೇಕಾಯಿತು.

ಸಲಹಾಸೂಚನೆಯನ್ನು ಓದುವ ಕ್ರಮ

ನನ್ನ ಎಣಿಕೆಯಲ್ಲಿ ಇಡೀ ವಿಷಯದ ತಿರುಳು ಇರುವುದು ಇಲ್ಲಿಯೇ. ರಾಯಭಾರ ಕಚೇರಿಗಳು ಆತಂಕ ಹಬ್ಬಿಸುವ ಮಾತನ್ನು ಆಡುವುದಿಲ್ಲ. ಆತಿಥೇಯ ದೇಶದ ಮನಸ್ಸನ್ನೂ ಅವು ನೋಡಬೇಕು. ಆದ್ದರಿಂದ ಅಪಾಯ ಎಷ್ಟು ಹತ್ತಿರ ಬಂದಿದೆ ಎಂಬುದನ್ನು ಸೂಚನೆಯ ಕ್ರಿಯಾಪದಗಳಿಂದ ಅಳೆಯಬೇಕು. 2022ರ ಫೆಬ್ರುವರಿ 15ರಂದು ಉಕ್ರೇನಿನ ರಾಜಧಾನಿ ಕೀವ್‌ನ ಭಾರತೀಯ ರಾಯಭಾರ ಕಚೇರಿಯು, ಉಳಿಯುವುದು ಅನಿವಾರ್ಯವಲ್ಲದವರು, ಮುಖ್ಯವಾಗಿ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ಹೊರಡುವುದನ್ನು ಪರಿಶೀಲಿಸಬಹುದು ಎಂದಿತು. 20ರ ಸೂಚನೆಯಲ್ಲಿ ‘ಪರಿಶೀಲಿಸಬಹುದು’ ಹೋಗಿ ಹೊರಡಿರೆಂಬ ಸಲಹೆ ಬಂತು. 22ರಂದು, ವಿಶ್ವವಿದ್ಯಾಲಯಗಳ ಅಧಿಕೃತ ಮಾತಿಗೆ ಕಾಯದೆ ಹೊರಡಿ ಎಂದಿತು. 24ರ ಬೆಳಗಿನ ಜಾವ ರಷ್ಯದ ದಾಳಿ ಶುರುವಾಗಿ ಉಕ್ರೇನಿನ ಆಕಾಶಮಾರ್ಗವೇ ಮುಚ್ಚಿಹೋಯಿತು. ತರಗತಿಯ ಹಾಜರಿ ಹೋಗುತ್ತದೆ, ಟಿಕೆಟ್ ದರ ಏರಿದೆ, ಬ್ಯಾಂಕಿನ ಸಾಲ ಬೇರೆ ತಲೆಯ ಮೇಲಿದೆ ಎಂಬ ಚಿಂತೆಯಲ್ಲಿ ಕಾದು ಕುಳಿತ ಮಕ್ಕಳನ್ನು ದೂರುವುದು ಸುಲಭವಾದರೂ ನ್ಯಾಯವಲ್ಲ. ಆದರೂ ಪಾಠವಂತೂ ಸ್ಪಷ್ಟವಾಗಿದೆ: ಎರಡನೆಯ ಸೂಚನೆ ಮೊದಲನೆಯದಕ್ಕಿಂತ ಗಟ್ಟಿಯಾಗಿದ್ದರೆ ಮೂರನೆಯದನ್ನು ಕಾಯಬೇಡಿ, ಸಾಮಾನ್ಯ ವಿಮಾನಗಳು ಹಾರುತ್ತಿರುವಾಗಲೇ ಹೊರಡಿ. ದುಬಾರಿ ಟಿಕೆಟ್ಟೂ ಆಮೇಲಿನ ದಾರಿಗಿಂತ ಅಗ್ಗ.

ಕಾಳಗ ಶುರುವಾದ ಮೇಲೆ ಸೂಚನೆಗಳ ದಿಕ್ಕು ತಿರುಗುತ್ತದೆ. ಆಗ ‘ಹೊರಡಿ’ ಎಂಬುದರ ಬದಲು ‘ಇದ್ದಲ್ಲೇ ಇರಿ’ ಎನ್ನುತ್ತಾರೆ. ಫೆಬ್ರುವರಿ 26ರಂದು, ಅಧಿಕಾರಿಗಳೊಂದಿಗೆ ಮಾತಾಡದೆ ಗಡಿಯ ಚೌಕಿಗಳತ್ತ ಹೋಗಬೇಡಿ, ಪಶ್ಚಿಮದ ಊರುಗಳಲ್ಲಿ ನೀರು, ಅನ್ನ, ಸೂರು ಇರುವ ಕಡೆ ಉಳಿಯುವುದೇ ಲೇಸು ಎಂಬ ಸೂಚನೆ ಬಂತು. ಏಕೆಂದರೆ ಪೋಲೆಂಡಿನ ಗಡಿಗೆ ತಾವಾಗಿಯೇ ನಡೆದುಹೋದವರು ಮೈಕೊರೆಯುವ ಚಳಿಯಲ್ಲಿ ಬಯಲಿನಲ್ಲೇ ರಾತ್ರಿ ಕಳೆಯುತ್ತಿದ್ದರು. ಆದರೆ ಮಾರ್ಚ್ 2ರಂದು ಖಾರ್ಕಿವ್‌ನಲ್ಲಿದ್ದವರಿಗೆ ಬಂದ ಸೂಚನೆ ತದ್ವಿರುದ್ಧ: ಸಂಜೆ ಆರರೊಳಗೆ ಪಿಸೋಚಿನ್, ಬಾಬಾಯಿ, ಬೆಜ್‌ಲ್ಯುದಿವ್ಕಾ ಎಂಬ ಹೊರವಲಯದ ಊರುಗಳನ್ನು ತಲುಪಿ, ಬಸ್ಸೋ ರೈಲೋ ಸಿಗದಿದ್ದರೆ ನಡೆದಾದರೂ ಹೋಗಿ. ಗಂಟೆಯನ್ನೂ ಊರಿನ ಹೆಸರನ್ನೂ ಹೇಳುವ ಸೂಚನೆ ಬಂದಾಗ ಚರ್ಚೆಗೆ ಕೂರಬಾರದು. ಅದರ ಹಿಂದೆ ಯಾರೋ ಯಾರಿಂದಲೋ ಮಾತು ಪಡೆದುಕೊಂಡಿರುತ್ತಾರೆ, ಆ ಮಾತಿಗೆ ಗಡುವಿರುತ್ತದೆ. ಸುಮಿಯಲ್ಲಿ ಮಾರ್ಚ್ 7ರಂದು ಬಸ್ ಹತ್ತಲು ಸಜ್ಜಾದ ವಿದ್ಯಾರ್ಥಿಗಳಿಗೆ ಕದನವಿರಾಮ ಮುರಿದುಬಿದ್ದ ಕಾರಣ ಹಿಂದಿರುಗಲು ಹೇಳಿ, ಮರುದಿನ 694 ಮಂದಿಯನ್ನು ಪೋಲ್ತಾವಾ ಕಡೆಗೆ ಕರೆದೊಯ್ದರು. ಒಮ್ಮೆ ಹತ್ತಿ ಇಳಿಯಬೇಕಾಗಿ ಬಂದರೂ ಗುಂಪು ಬಿಟ್ಟು ಚದುರದಿರುವುದೇ ಉಳಿದಿರುವ ದಾರಿ.

ಒಳಗಿರುವಾಗ, ಹೊರಡುವಾಗ

ಒಳಗೆ ಕುಳಿತ ದಿನಗಳಲ್ಲಿ ಕಿಟಕಿಯಿಂದ ದೂರವಿರಿ. ಖಾರ್ಟೂಮ್‌ನಲ್ಲಿ ತಮ್ಮ ಮನೆಯೊಳಗೇ ಇದ್ದ ಭಾರತೀಯರೊಬ್ಬರು ಕಾಳಗದ ಆರಂಭದಲ್ಲೇ ದಾರಿತಪ್ಪಿದ ಗುಂಡಿಗೆ ಬಲಿಯಾದರು. ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬರು ದಿನಸಿ ತರಲು ಹೊರಗೆ ಹೋಗಿದ್ದಾಗ ಶೆಲ್ ದಾಳಿಯಲ್ಲಿ ಅಸುನೀಗಿದರು. ಆದ್ದರಿಂದ ಪರಿಸ್ಥಿತಿ ಬಿಗಡಾಯಿಸುವ ಲಕ್ಷಣ ಕಂಡಾಗಲೇ ಕನಿಷ್ಠ ಒಂದು ವಾರಕ್ಕಾಗುವಷ್ಟು ಅಕ್ಕಿ, ಬೇಳೆ, ಬಿಸ್ಕತ್ತು, ನೀರು, ನಿತ್ಯದ ಔಷಧ ತಂದಿಡುವುದು ಮುಖ್ಯ. ಎಟಿಎಂಗಳು ಬೇಗ ಬರಿದಾಗುವುದರಿಂದ ಸಣ್ಣ ನೋಟುಗಳಲ್ಲಿ ಡಾಲರ್ ಕೈಯಲ್ಲಿರಲಿ. ಗುಂಪಿನಲ್ಲಿ ಒಂದು ಫೋನ್ ಮಾತ್ರ ಚಾಲೂ ಇಟ್ಟು ಉಳಿದವನ್ನು ಆರಿಸಿಡಿ. ನಿಮ್ಮ ಜಾಗವನ್ನು ತೋರಿಸುವ ಫೋಟೊವನ್ನು ಫೇಸ್‌ಬುಕ್ಕಿಗೆ ಹಾಕಬೇಡಿ.

ರಾಯಭಾರ ಕಚೇರಿಯ ಬಾಗಿಲಿಗೆ ಹೋಗಿ ನಿಂತರೆ ಕೆಲಸವಾಗುತ್ತದೆಂದು ಭಾವಿಸಬೇಡಿ. ಖಾರ್ಟೂಮ್‌ನ ಕಚೇರಿ ವಿಮಾನ ನಿಲ್ದಾಣದ ಬಳಿ, ಗುಂಡಿನ ಚಕಮಕಿಯ ನಡುವೆಯೇ ಇತ್ತು. ಸಿಬ್ಬಂದಿ ಬೇರೆಡೆಯಿಂದ ಕೆಲಸ ಮಾಡುತ್ತಿದ್ದರು. ಹೊರಡುವ ದಿನ ವಾಹನದ ಗಾಜಿಗೆ ತ್ರಿವರ್ಣ ಧ್ವಜವನ್ನು ಅಂಟಿಸಿ; ಕೀವ್‌ನ ಕಚೇರಿಯೇ ಹಾಗೆ ಸೂಚಿಸಿತ್ತು. ಬಸ್ ಸಿಕ್ಕರೂ ಡೀಸೆಲ್ ಸಿಗುವುದು ಕಷ್ಟವೆಂಬುದು ಸುಡಾನಿನ ಅನುಭವ, ಆದ್ದರಿಂದ ಚಾಲಕರೊಂದಿಗೆ ಮೊದಲು ಮಾತಾಡಬೇಕಾದ್ದು ಬಾಡಿಗೆಯ ಬಗ್ಗೆ ಅಲ್ಲ, ಟ್ಯಾಂಕಿನಲ್ಲಿ ಎಷ್ಟಿದೆ ಎಂಬ ಬಗ್ಗೆ.

ಊರಿನಲ್ಲಿರುವ ಮನೆಯವರು

ಮನೆಯವರಲ್ಲಿ ಒಬ್ಬರೇ ಎಲ್ಲ ಸಂಪರ್ಕವನ್ನೂ ವಹಿಸಿಕೊಳ್ಳಲಿ. ದೆಹಲಿಯಲ್ಲಿ ವಿದೇಶಾಂಗ ಸಚಿವಾಲಯ ತೆರೆಯುವ ನಿಯಂತ್ರಣ ಕೊಠಡಿಗೂ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಹಾಯವಾಣಿಗೂ ಕೊಡುವ ಮಾಹಿತಿ ಒಂದೇ ಆಗಿರಬೇಕು. ‘ನಮ್ಮ ಹುಡುಗ ಸುಡಾನಿನಲ್ಲಿದ್ದಾನೆ, ಕಾಪಾಡಿ’ ಎಂಬ ಕರೆಯಿಂದ ಅಧಿಕಾರಿ ಏನನ್ನೂ ಬರೆದುಕೊಳ್ಳಲಾರರು. ಬದಲಿಗೆ ಸಂದೇಶ ಹೀಗಿರಲಿ: ‘ಗುಂಪಿನಲ್ಲಿ ಏಳು ಜನ, ಅದರಲ್ಲಿ ಇಬ್ಬರು ಮಕ್ಕಳು, ಒಬ್ಬರು ಗರ್ಭಿಣಿ. ಪಾಸ್‌ಪೋರ್ಟಿನಲ್ಲಿರುವಂತೆ ಹೆಸರು ಮತ್ತು ಸಂಖ್ಯೆಗಳ ಪಟ್ಟಿ ಲಗತ್ತಿಸಿದೆ. ಎಲ್ ಫಾಶರ್‌ನಲ್ಲಿ ಇಂಥ ಮಸೀದಿಯ ಹಿಂದಿನ ಎರಡನೆಯ ಮನೆ. ಅಲ್ಲಿನ ಫೋನ್ ಇಷ್ಟು, ಸಂಜೆ ಆರರಿಂದ ಏಳರವರೆಗೆ ಚಾಲೂ. ನೀರು ಎರಡು ದಿನಕ್ಕೆ ಸಾಕು. ಇಬ್ಬರ ಪಾಸ್‌ಪೋರ್ಟ್ ಮಾಲೀಕರ ಬಳಿ ಇದೆ.’ ಇದನ್ನು ಕಳಿಸಿದ ಮೇಲೆ ಏನಾದರೂ ಬದಲಾದಾಗ ಮಾತ್ರ ಮತ್ತೆ ಕರೆ ಮಾಡಿ. ದಿನಗಟ್ಟಲೆ ಸಂಪರ್ಕವೇ ಸಿಗದಿದ್ದರೆ ಬೇರ್ಪಟ್ಟವರನ್ನು ಹುಡುಕಿಕೊಡುವ ರೆಡ್‌ಕ್ರಾಸ್‌ನ ಸೇವೆಗೆ ಭಾರತೀಯ ರೆಡ್‌ಕ್ರಾಸ್ ಮೂಲಕ ಅರ್ಜಿ ಕೊಡಬಹುದು.

ಸೀಟು ಕೊಡಿಸುತ್ತೇನೆ, ಪಟ್ಟಿಯಲ್ಲಿ ಹೆಸರು ಮೇಲೆ ಹಾಕಿಸುತ್ತೇನೆ ಎನ್ನುವ ಏಜೆಂಟರಿಗೆ ಹಣ ಕೊಡಬೇಡಿ. ಉಕ್ರೇನಿನಿಂದ ಕರೆತಂದ ಆಪರೇಷನ್ ಗಂಗಾ, ಸುಡಾನಿನಿಂದ ಕರೆತಂದ ಕಾವೇರಿ ಎರಡರಲ್ಲೂ ಭಾರತಕ್ಕೆ ಬಂದ ವಿಮಾನಗಳ ವೆಚ್ಚವನ್ನು ಸರ್ಕಾರವೇ ಭರಿಸಿತು.

ಮರಳಿ ಬಂದ ಮೇಲೆ ಹಲವರು ಎಲ್ಲ ಕಾಗದಗಳನ್ನೂ ಪೆಟ್ಟಿಗೆಯಲ್ಲಿ ಹಾಕಿಬಿಡುತ್ತಾರೆ. ಬಾಕಿ ಸಂಬಳಕ್ಕಾಗಿ ‘ಮದದ್’ ಪೋರ್ಟಲ್‌ನಲ್ಲಿ ದೂರು ಸಲ್ಲಿಸಲು ಕೆಲಸದ ಕರಾರು ಮತ್ತು ಕೊನೆಯ ಸಂಬಳದ ಚೀಟಿ ಬೇಕಾಗುತ್ತದೆ. ಉಕ್ರೇನಿನಿಂದ ಬಂದ ವೈದ್ಯಕೀಯ ವಿದ್ಯಾರ್ಥಿಗಳಿಗೆ ಬೇರೆ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಓದು ಮುಂದುವರಿಸಲು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರ್‌ನಲ್ಲಿ ಅವಕಾಶ ಕೊಟ್ಟಾಗ, ಅಂಕಪಟ್ಟಿಯನ್ನು ಜೊತೆಗೆ ತಂದಿದ್ದವರ ಕೆಲಸ ಹಗುರವಾಗಿತ್ತು. ಹಾಸ್ಟೆಲಿನಲ್ಲೇ ಬಿಟ್ಟು ಬಂದಿದ್ದವರು ಯುದ್ಧದ ನಡುವೆಯೇ ಅಲ್ಲಿನ ಡೀನ್ ಕಚೇರಿಗೆ ಇಮೇಲ್ ಕಳಿಸಿ ಉತ್ತರಕ್ಕೆ ಕಾಯಬೇಕಿತ್ತು.