‘ಬಾ ಎಂದವರಿಲ್ಲ’: ಹಾಡಿನ ವಿಡಿಯೊ ಒಂದಕ್ಕೆ ‘ನಾಗರಹಾವು’ ಕಲಿಸಿದ್ದು

ಎರಡು ವರ್ಷಗಳ ಹಿಂದೆ ಗಾಯಕಿಯೊಬ್ಬರು ತಮ್ಮ ಹೊಸ ಹಾಡಿಗೆ ವಿಡಿಯೊ ಮಾಡಿಕೊಡಬೇಕೆಂದು ನನ್ನಲ್ಲಿಗೆ ಬಂದರು. 3 ನಿಮಿಷ 40 ಸೆಕೆಂಡುಗಳ ಹಾಡು. ಬಹಳ ಕಾಲದ ಮೇಲೆ ಹುಟ್ಟೂರಿಗೆ ಮರಳಿದ ಹೆಂಗಸೊಬ್ಬಳು ಅಲ್ಲಿಯ ಬಂಡೆಯೊಡನೆ ಮಾತಾಡುತ್ತಾಳೆ. ‘ಬಾ ಎಂದವರಿಲ್ಲ, ನಾನೇ ಬಂದೆ’ ಎಂಬುದು ಪಲ್ಲವಿಯ ಸಾಲು. ಅದನ್ನು ಕೇಳಿದ ಕ್ಷಣದಲ್ಲೇ ನನಗೆ ನೆನಪಾದದ್ದು 1972ರ ‘ನಾಗರಹಾವು’ ಚಿತ್ರದ ‘ಬಾರೆ ಬಾರೆ’ ಹಾಡು. ಪುಟ್ಟಣ್ಣ ಕಣಗಾಲರು ಅದನ್ನು ಮೊದಲಿನಿಂದ ಕೊನೆಯವರೆಗೆ ಸ್ಲೋ ಮೋಷನ್‌ನಲ್ಲಿಯೇ ಚಿತ್ರಿಸಿದ್ದರು. ಅಲ್ಲಿ ಕರೆಯುವವನು ರಾಮಾಚಾರಿ, ಕರೆಸಿಕೊಳ್ಳುವವಳು ಅಲಮೇಲು. ಆ ಅಲಮೇಲುವಿನ ಬದುಕು ಮುಂದೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಕಂಡವರಿಗೆ ಆ ಕರೆ ಮತ್ತೆಂದೂ ಹಗುರವಾಗಿ ಕೇಳಿಸುವುದಿಲ್ಲ. ಯಾರೂ ಕರೆಯದೆ ತಾನೇ ಬಂದವಳ ಹಾಡನ್ನು, ಕರೆಸಿಕೊಂಡವಳ ಹಾಡಿನ ಎದುರಿಗೆ ನಿಲ್ಲಿಸಿ ನೋಡಬೇಕೆಂಬ ಆಸೆ ನನ್ನಲ್ಲಿ ಹುಟ್ಟಿದ್ದು ಹೀಗೆ.

ಆಸೆ ಸರಿಯಾಗಿತ್ತು, ಮೊದಲು ಹಿಡಿದ ದಾರಿ ತಪ್ಪಾಗಿತ್ತು. ‘ನಾಗರಹಾವು’ ಕಥೆ ನಡೆಯುವ ಚಿತ್ರದುರ್ಗದ ಕೋಟೆಯು ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿರುವುದರಿಂದ ಒಳಗೆ ಚಿತ್ರೀಕರಣ ಮಾಡಲು ಅನುಮತಿ ಬೇಕು. ಅದಕ್ಕೆ ಕಾಯುವಷ್ಟು ಸಮಯ ನಮಗಿರಲಿಲ್ಲ. ದುರ್ಗದಿಂದ ಸ್ವಲ್ಪ ದೂರದಲ್ಲಿ, ಪರಿಚಯದವರೊಬ್ಬರ ಹೊಲಕ್ಕೆ ಹೊಂದಿಕೊಂಡ ಬಂಡೆಗುಡ್ಡವನ್ನು ಆರಿಸಿಕೊಂಡೆವು. ಒಬ್ಬ ಹುಡುಗ, ಒಬ್ಬ ಹುಡುಗಿ, ಬೆಲ್‌ಬಾಟಂ ಪ್ಯಾಂಟು, ಅಗಲ ಕಾಲರಿನ ಅಂಗಿ, ಬಂಡೆಗಳ ನಡುವೆ ನಿಧಾನಗತಿಯ ಓಟ, ಹಳೆಯ ಪ್ರಿಂಟಿನಂತೆ ಕಾಣಲು ತುಸು ಕೆಂಪು ಬೆರೆಸಿದ ಬಣ್ಣ. ಒಂದು ದಿನದ ಚಿತ್ರೀಕರಣ ಮುಗಿಸಿ, ಒರಟಾಗಿ ಸಂಕಲಿಸಿ, ಮನೆಯಲ್ಲಿ ಏಳು ಜನರಿಗೆ ತೋರಿಸಿದೆ. ‘ನಾಗರಹಾವು’ ಬಿಡುಗಡೆಯಾದಾಗ ಟಾಕೀಸಿನಲ್ಲಿ ನೋಡಿದ್ದ ನಮ್ಮ ದೊಡ್ಡಮ್ಮ, “ವೇಷ ಚೆನ್ನಾಗಿ ಹಾಕಿಸಿದೀಯಪ್ಪ” ಎಂದರು. ಆ ಚಿತ್ರವನ್ನು ನೋಡಿಯೇ ಇರದ ಅವರ ಮೊಮ್ಮಗಳು, “ಇವ್ರು ಯಾಕೆ ಇಷ್ಟು ನಿಧಾನಕ್ಕೆ ಓಡ್ತಿದ್ದಾರೆ?” ಎಂದು ಕೇಳಿದಳು. ಚಿತ್ರವನ್ನು ಬಲ್ಲವರಿಗೆ ಅಲ್ಲಿ ವೇಷ ಮಾತ್ರ ಕಂಡಿತ್ತು, ಅರಿಯದವರಿಗೆ ಅರ್ಥವಿಲ್ಲದ ನಿಧಾನ ಮಾತ್ರ ಕಂಡಿತ್ತು. ಎರಡು ಮಾತುಗಳೂ ಒಂದೇ ತಪ್ಪಿನತ್ತ ಬೆರಳು ತೋರಿಸುತ್ತಿದ್ದವು.

ಆ ವಾರ ಚಿತ್ರೀಕರಣ ನಿಲ್ಲಿಸಿ, ಈ ಕೆಲಸವನ್ನು ನನಗಿಂತ ಮೊದಲು ಚೆನ್ನಾಗಿ ಮಾಡಿದವರನ್ನು ಮತ್ತೆ ನೋಡಲು ಕುಳಿತೆ. ಮಡೋನಾ ಅವರ ‘ಮೆಟೀರಿಯಲ್ ಗರ್ಲ್’ ಹಾಡಿಗೆ 1985ರಲ್ಲಿ ಮೇರಿ ಲ್ಯಾಂಬರ್ಟ್ ನಿರ್ದೇಶಿಸಿದ ವಿಡಿಯೊ, 1953ರ ‘ಜೆಂಟಲ್‌ಮೆನ್ ಪ್ರಿಫರ್ ಬ್ಲಾಂಡ್ಸ್’ ಚಿತ್ರದಲ್ಲಿ ಮರ್ಲಿನ್ ಮನ್ರೊ ವಜ್ರಗಳನ್ನು ಹೊಗಳಿ ಹಾಡುವ ದೃಶ್ಯವನ್ನು ಮರುಸೃಷ್ಟಿಸುತ್ತದೆ. ಗುಲಾಬಿ ಉಡುಪು, ಉದ್ದನೆಯ ಕೈಗವಸು, ಕೆಂಪು ಹಿನ್ನೆಲೆ, ಸುತ್ತಲೂ ಕಪ್ಪು ಸೂಟಿನ ಗಂಡಸರು, ಎಲ್ಲವೂ ಇವೆ. ಆದರೆ ಆ ದೃಶ್ಯದ ಹೊರಗೆ ಇನ್ನೊಂದು ಕಥೆ ನಡೆಯುತ್ತದೆ: ನಟಿ ದುಬಾರಿ ಉಡುಗೊರೆಗಳಿಗೆ ಮನಸೋಲುವವಳಲ್ಲ, ಅವಳನ್ನು ಗೆಲ್ಲುವ ನಿರ್ಮಾಪಕ ತನ್ನ ಸಿರಿವಂತಿಕೆಯನ್ನು ಮುಚ್ಚಿಟ್ಟು, ಸರಳವಾದ ಹೂಗುಚ್ಛ ಹಿಡಿದು, ಹಳೆಯ ಟ್ರಕ್ಕಿನಲ್ಲಿ ಅವಳನ್ನು ಕರೆದೊಯ್ಯುತ್ತಾನೆ. ಹಳೆಯ ದೃಶ್ಯ ಹೇಳಿದ್ದಕ್ಕೆ ಹೊಸ ವಿಡಿಯೊ ಉತ್ತರ ಕೊಡುತ್ತದೆ, ಮತ್ತು ಮನ್ರೊ ಯಾರೆಂದೇ ತಿಳಿಯದವರಿಗೂ ಆ ಕಥೆ ಅರ್ಥವಾಗುತ್ತದೆ. ಜೊನಾಥನ್ ಡೇಟನ್ ಮತ್ತು ವ್ಯಾಲರಿ ಫ್ಯಾರಿಸ್ ದಂಪತಿ 1996ರಲ್ಲಿ ಸ್ಮ್ಯಾಷಿಂಗ್ ಪಂಪ್ಕಿನ್ಸ್ ತಂಡಕ್ಕಾಗಿ ಮಾಡಿದ ‘ಟುನೈಟ್, ಟುನೈಟ್’ ಇದಕ್ಕಿಂತ ಭಿನ್ನ. ಅವರು 1902ರಲ್ಲಿ ಜಾರ್ಜ್ ಮೆಲಿಯೆಸ್ ತೆಗೆದ ಚಂದ್ರಯಾನದ ಚಿತ್ರದಿಂದ ಬಣ್ಣ ಬಳಿದ ಪರದೆ ಮತ್ತು ರಟ್ಟಿನ ಮೋಡಗಳ ಲೋಕವನ್ನೇ ತೆಗೆದುಕೊಂಡರು. ಪ್ರಯಾಣಿಕರನ್ನು ಫಿರಂಗಿಯಿಂದ ಹಾರುವ ಗುಂಡಿನಲ್ಲಿ ಕಳಿಸುವ ಬದಲು ಗಾಳಿಹಡಗಿನಲ್ಲಿ ಕಳಿಸಿದರು. ಒಬ್ಬರು ಹಳೆಯ ದೃಶ್ಯದ ಮಾತಿಗೆ ಎದುರುತ್ತರ ಕೊಟ್ಟರು, ಇನ್ನೊಬ್ಬರು ಅದನ್ನು ಮಾಡಿದ ಕೈಕೆಲಸವನ್ನು ಮುಂದುವರಿಸಿದರು. ನಾನು ಇವೆರಡರಲ್ಲಿ ಒಂದನ್ನೂ ಮಾಡದೆ, ಬರೀ ಬಟ್ಟೆಯನ್ನು ತಂದಿದ್ದೆ.

ಹಾಗಾದರೆ ‘ಬಾರೆ ಬಾರೆ’ಯಲ್ಲಿ ನನ್ನನ್ನು ಇಷ್ಟು ಕಾಲ ಹಿಡಿದಿಟ್ಟದ್ದು ಯಾವುದು? ಬೆಲ್‌ಬಾಟಂ ಖಂಡಿತ ಅಲ್ಲ, ಅದು ವೇಗ. ಹಾಡಿನ ತಾಳ ತನ್ನ ಪಾಡಿಗೆ ಸಾಗುತ್ತಿರುವಾಗ ಮೈಗಳು ಬೇರೆಯೇ ಕಾಲದಲ್ಲಿ ಚಲಿಸುತ್ತವೆ. ನೋಡುವವರಿಗೆ ಅದು ನಡೆಯುತ್ತಿರುವ ಸಂಗತಿಯಾಗಿ ಕಾಣದೆ, ಆಗಲೇ ನೆನಪಾಗಿಬಿಟ್ಟ ಸಂಗತಿಯಾಗಿ ಕಾಣುತ್ತದೆ. ಇದು ತಿಳಿದ ಮೇಲೆ ಹುಡುಗನನ್ನು ಕೈಬಿಟ್ಟೆ, ವೇಷವನ್ನು ಕೈಬಿಟ್ಟೆ, ಕೆಂಪು ಬೆರೆಸಿದ ಬಣ್ಣವನ್ನೂ ಕೈಬಿಟ್ಟೆ. ಉಳಿದದ್ದು ವೇಗ, ಬಂಡೆ ಮತ್ತು ಒಬ್ಬಳೇ ಹೆಂಗಸು. ಗಾಯಕಿಯೇ ಸಾದಾ ಹತ್ತಿಯ ಸೀರೆಯುಟ್ಟು ಬಂಡೆ ಹತ್ತಬೇಕು, ಹತ್ತುತ್ತಲೇ ಹಾಡಬೇಕು. ಅವರ ತುಟಿ ಹಾಡಿನ ವೇಗದಲ್ಲಿರಬೇಕು, ಸೆರಗು, ಕೂದಲು, ಹುಲ್ಲು ಎಲ್ಲವೂ ಅರ್ಧ ವೇಗದಲ್ಲಿರಬೇಕು. ಅಂದರೆ ಬಾಯಿ ಇಂದಿನದು, ಮೈ ಅಂದಿನದು.

ಇದನ್ನು ಮಾಡುವ ಉಪಾಯ ಹಳೆಯದೇ. ಕ್ಯಾಮೆರಾವನ್ನು ಸೆಕೆಂಡಿಗೆ 48 ಫ್ರೇಮಿಗೆ ಇಟ್ಟು, ಸ್ಥಳದಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಬೇಕು. ಆಮೇಲೆ ಸಿನಿಮಾದ ಸಾಮಾನ್ಯ ವೇಗವಾದ 24 ಫ್ರೇಮಿನಲ್ಲಿ ನೋಡಿದರೆ ತುಟಿ ಹಾಡಿಗೆ ಕೂಡಿಕೊಳ್ಳುತ್ತದೆ, ಉಳಿದದ್ದೆಲ್ಲ ನಿಧಾನವಾಗುತ್ತದೆ. ನಮ್ಮ 3 ನಿಮಿಷ 40 ಸೆಕೆಂಡುಗಳ ಹಾಡು ಗುಡ್ಡದ ಮೇಲೆ 1 ನಿಮಿಷ 50 ಸೆಕೆಂಡುಗಳಲ್ಲಿ ಮುಗಿದುಹೋಗುತ್ತಿತ್ತು. ಫ್ರೇಮು ಎರಡರಷ್ಟಾದಾಗ ಪ್ರತಿ ಫ್ರೇಮಿಗೆ ಸಿಗುವ ಬೆಳಕು ಅರ್ಧವಾಗುತ್ತದೆ, ಆದ್ದರಿಂದ ಸಂಜೆಯ ಬೆಳಕಿನಲ್ಲಿ ಲೆನ್ಸನ್ನು ಒಂದು ಸ್ಟಾಪ್, ಅಂದರೆ ಎರಡರಷ್ಟು ಬೆಳಕು ಬರುವಷ್ಟು, ಹೆಚ್ಚು ತೆರೆಯಬೇಕಾಯಿತು. ಡಿಜಿಟಲ್ ಕ್ಯಾಮೆರಾದಲ್ಲಿ ನಮಗಿದ್ದ ತೊಂದರೆ ಇಷ್ಟೇ. ಫಿಲ್ಮಿನ ಕಾಲದವರನ್ನು ನೆನೆದರೆ ಗೌರವ ಹೆಚ್ಚುತ್ತದೆ: 400 ಅಡಿಯ 35 ಎಂಎಂ ರೋಲು ಸಾಮಾನ್ಯ ವೇಗದಲ್ಲಿ ಸುಮಾರು ನಾಲ್ಕೂವರೆ ನಿಮಿಷ ಓಡಿದರೆ, 48 ಫ್ರೇಮಿನಲ್ಲಿ ಎರಡೂಕಾಲು ನಿಮಿಷದೊಳಗೆ ಖಾಲಿಯಾಗುತ್ತದೆ. ಇಡೀ ಹಾಡನ್ನು ಸ್ಲೋ ಮೋಷನ್‌ನಲ್ಲಿ ತೆಗೆಯುವುದೆಂದರೆ ಆಗ ಎಂಥ ಧೈರ್ಯದ ತೀರ್ಮಾನವಾಗಿತ್ತೆಂಬುದು ಈ ಲೆಕ್ಕ ಹಾಕಿದಾಗಲೇ ನನಗೆ ತಿಳಿದದ್ದು.

ನಿಜವಾದ ಕಷ್ಟ ಬಂದದ್ದು ಕನ್ನಡದ ಒತ್ತಕ್ಷರಗಳಿಂದ. ಹಾಡನ್ನು ಎರಡು ಪಟ್ಟು ಓಡಿಸಿದಾಗ ಗಾಯಕಿ ‘ಬಾ ಎಂದವರಿಲ್ಲ’ ಎಂಬಲ್ಲಿ ‘ಲ್ಲ’ವನ್ನು ಅರ್ಧಕ್ಕೇ ಬಿಟ್ಟು ‘ಎಂದವರಿಲ’ ಎನ್ನುತ್ತಿದ್ದರು. ಕಿವಿಗೆ ಅದು ಗೊತ್ತಾಗುತ್ತಿರಲಿಲ್ಲ, ಆದರೆ ನಿಧಾನವಾಗಿ ನೋಡಿದಾಗ ನಾಲಗೆ ಅಂಗುಳಿಗೆ ತಾಗಿ ನಿಲ್ಲದೆ ಜಾರಿದ್ದು ಎದ್ದು ಕಾಣುತ್ತಿತ್ತು. ಪ, ಬ, ಮ ಅಕ್ಷರಗಳಲ್ಲಿ ತುಟಿ ಪೂರ್ತಿ ಮುಚ್ಚಲೇಬೇಕು. ‘ಬಂದೆ’ಯ ಬಕಾರದಲ್ಲಿ ತುಟಿ ಕೂಡದಿದ್ದರೆ ಬೇರೆ ಯಾರೋ ಹಾಡಿದ ಹಾಡಿಗೆ ಬಾಯಿ ಆಡಿಸಿದಂತಿರುತ್ತದೆ. ಶ್ರುತಿ ಏರದಂತೆ ವೇಗ ಹೆಚ್ಚಿಸುವ ಸೌಲಭ್ಯವನ್ನು ಮೊದಲು ಬಳಸಿದ್ದೆ. ಅದರಲ್ಲಿ ವ್ಯಂಜನಗಳು ಕಲಸಿಹೋಗುತ್ತಿದ್ದವು. ಅದನ್ನು ಬಿಟ್ಟು ದನಿ ಒಂದು ಸ್ಥಾಯಿ ಮೇಲೇರಿ ಮಗುವಿನ ದನಿಯಂತೆ ಕೇಳಿದರೂ ಪರವಾಗಿಲ್ಲವೆಂದು ಹಾಗೆಯೇ ನುಡಿಸಿದಾಗ ಅಕ್ಷರಗಳು ಸ್ಪಷ್ಟವಾದವು. ಗಾಯಕಿ ಸಾಹಿತ್ಯದ ಹಾಳೆಯಲ್ಲಿ ತುಟಿ ಮುಚ್ಚುವ ಅಕ್ಷರಗಳಿಗೆಲ್ಲ ಪೆನ್ಸಿಲಿನಿಂದ ಸುತ್ತು ಹಾಕಿಕೊಂಡು, ಒತ್ತಕ್ಷರಗಳ ಕೆಳಗೆ ಗೆರೆ ಎಳೆದುಕೊಂಡು ಆರು ದಿನ ಅಭ್ಯಾಸ ಮಾಡಿದರು. ಬಾಯಿ ಅವಸರಪಟ್ಟರೆ ಹುಬ್ಬು, ಕತ್ತು, ಹೆಜ್ಜೆಗಳೂ ಅದರ ಜೊತೆ ಅವಸರಪಡುತ್ತವೆ. ಅವನ್ನು ಬೇರ್ಪಡಿಸುವುದಕ್ಕೆ ಇನ್ನೆರಡು ದಿನ ಹಿಡಿಯಿತು. ರೆಪ್ಪೆ ಬಡಿಯುವುದೂ ನಿಧಾನವಾಗಿ ನಿದ್ದೆಗಣ್ಣಿನಂತೆ ಕಾಣುತ್ತದೆಂದು ತಿಳಿದ ಮೇಲೆ, ಸಾಲು ಮುಗಿಯುವವರೆಗೆ ರೆಪ್ಪೆ ಬಡಿಯದೆ ಹಾಡುವುದನ್ನೂ ಅವರು ಕಲಿತರು. ಈ ವಿಡಿಯೊದಲ್ಲಿ ಏನಾದರೂ ಚೆನ್ನಾಗಿದ್ದರೆ ಅದು ಆ ಪೆನ್ಸಿಲ್ ಗುರುತುಗಳ ಫಲ.

ಮೊದಲ ಸಲ ನಾನು ಫ್ರೇಮಿನಿಂದ ಹೊರಗಿಡಲು ಹೆಣಗಾಡಿದ್ದ ಒಂದು ವಸ್ತುವಿತ್ತು. ದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಈಗ ವಿದ್ಯುತ್ ಉತ್ಪಾದಿಸುವ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಹೊಲದವರು ಅವನ್ನು ‘ಫ್ಯಾನು’ ಎನ್ನುತ್ತಾರೆ. 1972ರಲ್ಲಿ ಅವು ಇರಲಿಲ್ಲವೆಂದು ಕ್ಯಾಮೆರಾವನ್ನು ಅತ್ತಿತ್ತ ತಿರುಗಿಸಿ ಅಡಗಿಸುತ್ತಿದ್ದೆ. ಎರಡನೆಯ ಸಲ ಹೋದಾಗ ಅವನ್ನು ಬೇಕೆಂದೇ ಗಾಯಕಿಯ ಹಿಂದೆ ಇಟ್ಟೆ. ಅವಳು ಮರಳಿ ಬಂದಿರುವುದು ಇಂದಿನ ಊರಿಗೆ. 48 ಫ್ರೇಮಿನಲ್ಲಿ ಆ ದೊಡ್ಡ ರೆಕ್ಕೆಗಳು ಸೆರಗಿನ ಜೊತೆಗೇ ಭಾರವಾಗಿ ತಿರುಗಿದವು. ಕೊನೆಯ ಶಾಟನ್ನು ಮಾತ್ರ 24 ಫ್ರೇಮಿನಲ್ಲಿ ತೆಗೆದೆವು: ಹಾಡು ಮುಗಿದಿದೆ, ಅವಳು ಬಂಡೆಯ ಮೇಲೆ ಕುಳಿತು ಉಸಿರು ಬಿಡುತ್ತಾಳೆ, ಹಿಂದಿನ ರೆಕ್ಕೆಗಳು ಇದ್ದಕ್ಕಿದ್ದಂತೆ ತಮ್ಮ ಸಹಜ ವೇಗದಲ್ಲಿ ತಿರುಗತೊಡಗುತ್ತವೆ.

ಹಕ್ಕಿನ ವಿಷಯವನ್ನೂ ಹೇಳಬೇಕು. 1984ರಲ್ಲಿ ಕ್ವೀನ್ ತಂಡವು ‘ರೇಡಿಯೊ ಗಾ ಗಾ’ ವಿಡಿಯೊದಲ್ಲಿ 1927ರ ‘ಮೆಟ್ರೊಪೊಲಿಸ್’ ಚಿತ್ರದ ತುಣುಕುಗಳನ್ನೇ ಬಳಸಿತ್ತು. ಚಿತ್ರದ ತುಣುಕನ್ನೇ ಬಳಸುವುದಾದರೆ ಹಕ್ಕುದಾರರ ಅನುಮತಿ ಬೇಕು. ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕುಸ್ವಾಮ್ಯ ಬಿಡುಗಡೆಯ ಮರುವರ್ಷದಿಂದ 60 ವರ್ಷ ಇರುತ್ತದೆ. ‘ನಾಗರಹಾವು’ ಚಿತ್ರಕ್ಕೆ ಅದು 2032ರ ಕೊನೆಯವರೆಗೆ ಉಂಟು. ನಾವು ಅದರ ಒಂದು ಫ್ರೇಮನ್ನಾಗಲಿ, ವಿಜಯಭಾಸ್ಕರ್ ಅವರ ಸಂಗೀತದ ಒಂದು ಸ್ವರವನ್ನಾಗಲಿ, ಒಂದು ಸಂಭಾಷಣೆಯನ್ನಾಗಲಿ ಮುಟ್ಟಲಿಲ್ಲ.

ಆದರೆ ಋಣವನ್ನು ಮುಚ್ಚಿಡಲು ಮನಸ್ಸಾಗಲಿಲ್ಲ. ‘ಟುನೈಟ್, ಟುನೈಟ್’ನ ಕೊನೆಯಲ್ಲಿ ಪ್ರಯಾಣಿಕರನ್ನು ಕಾಪಾಡುವ ಹಡಗಿನ ಮೇಲೆ ಮೆಲಿಯೆಸ್‌ನ ಹೆಸರು ಬರೆದಿದೆ. ನಮ್ಮ ಕಡೆ ತಗಡಿನ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಹೆಸರು ಬರೆಸುವ ಪದ್ಧತಿಯಿತ್ತಲ್ಲ, ಅಂಥದೊಂದು ಹಳೆಯ ಹಸಿರು ಟ್ರಂಕನ್ನು ದೊಡ್ಡಮ್ಮನ ಅಟ್ಟದಿಂದ ಇಳಿಸಿ ತಂದೆವು. ಬಂಡೆಯ ಬುಡದಲ್ಲಿ, ಹುಲ್ಲಿನೊಳಗೆ ಅದು ಎರಡು ಸೆಕೆಂಡು ಕಾಣುತ್ತದೆ. ಅದರ ಮೇಲೆ ‘ಅಲಮೇಲು’ ಎಂದಿದೆ.