ಮೂರು ಗುಂಡು, ಒಂದೂ ಕಾಯಿಗೆ ಬೀಳಲಿಲ್ಲ

ಸೇನೆಯಲ್ಲಿ 22 ವರ್ಷ ಕಳೆದು, ಹವಾಲ್ದಾರ್ ಆಗಿ ಕೊಡಗಿಗೆ ವಾಪಸ್ ಬಂದ ವರ್ಷ. ಕೊಡವರು ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬಕ್ಕೆ ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ‘ಮಿಲಿಟರಿಯವರು ಬಂದ್ರು, ಇನ್ನು ನಮಗೇನು ಉಳೀತು’ ಅಂತ ಎಲ್ಲರೂ ನಗಾಡಿದರು. ತಮ್ಮನ ಪಾಯಿಂಟ್ 22 ರೈಫಲ್ ಹಿಡಿದು ಮಲಗಿದೆ. ಮೂರು ಗುಂಡು ಹಾರಿತು. ಕಾಯಿ ಅಲುಗಾಡಲೂ ಇಲ್ಲ.

ಹೋಗಿ ನೋಡಿದರೆ ಮೂರೂ ಗುಂಡು ಕಾಯಿಯ ಕೆಳಗೆ, ಅಂಗೈ ಇಟ್ಟರೆ ಮುಚ್ಚುವಷ್ಟು ಜಾಗದಲ್ಲಿ. ಕೈ ತಪ್ಪಿರಲಿಲ್ಲ, ಲೆಕ್ಕ ತಪ್ಪಿತ್ತು. ಸೇನೆಯಲ್ಲಿ ನಾನು ಹಿಡಿದ ಇನ್ಸಾಸ್ ರೈಫಲಿನ ಗುಂಡು ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದಕ್ಕೆ 100 ಮೀಟರ್ ದೂರವೇ ಅಲ್ಲ. ಪಾಯಿಂಟ್ 22ರ ಮಾಮೂಲಿ ಗುಂಡಿನ ವೇಗ ಅದರ ಮೂರನೇ ಒಂದು ಭಾಗದಷ್ಟು. 50 ಮೀಟರಿಗೆ ಜೀರೋ ಮಾಡಿದ್ದರೆ, ಅಂದರೆ ಆ ದೂರಕ್ಕೆ ಗುರಿ ಹೊಂದಿಸಿಟ್ಟಿದ್ದರೆ, 100ಕ್ಕೆ ಹೋಗುವಷ್ಟರಲ್ಲಿ ಅರ್ಧ ಅಡಿಗಿಂತ ಜಾಸ್ತಿಯೇ ಇಳಿದಿರುತ್ತದೆ. ಎಷ್ಟಕ್ಕೆ ಜೀರೋ ಅಂತ ತಮ್ಮನನ್ನು ಕೇಳಿಕೊಂಡಿದ್ದರೆ ಮುಗಿದಿತ್ತು. ಕೇಳಲಿಲ್ಲ, ಹವಾಲ್ದಾರ್ ಅಲ್ವಾ!

ಆ ನಾಚಿಕೆಯಲ್ಲೇ ಊರಿನ ಶೂಟಿಂಗ್ ಕ್ಲಬ್ಬಿಗೆ ಹೋಗತೊಡಗಿದೆ. ಈಗ ನಾವು ಮೂವರು ನಿವೃತ್ತ ಸೈನಿಕರು ಭಾನುವಾರ ಅಲ್ಲಿ ಕಲಿಸುತ್ತೇವೆ. ಕೊಡವರಿಗೆ, ಜಮ್ಮಾ ಭೂಮಿ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಇರುವವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಹಾಗಾಗಿ ಬರುವ ಹುಡುಗರಿಗೆ ಕೋವಿ ಹೊಸದಲ್ಲ. ಕಷ್ಟ ಇರುವುದೇ ಅಲ್ಲಿ. ಚಿಕ್ಕಂದಿನಲ್ಲಿ ಅಜ್ಜನ ಹನ್ನೆರಡು ಬೋರ್ ಕೋವಿ ಹೊಡೆದು ಭುಜಕ್ಕೆ ಒದೆ ತಿಂದವರು, ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತಾರೆ. ಹೇಳಿದರೆ ಯಾರೂ ಒಪ್ಪುವುದಿಲ್ಲ.

ಅದಕ್ಕೆ ನಾನು ಗುಂಡು ತುಂಬುವ ಮ್ಯಾಗಜಿನ್ ಮುಟ್ಟಲು ಬಿಡುವುದಿಲ್ಲ. ಒಂದೊಂದೇ ಗುಂಡು ನಾನೇ ತುಂಬುತ್ತೇನೆ. ನಡುವೆ ಸದ್ದಿಲ್ಲದೆ, ಹಾರಿಸಿದ ಖಾಲಿ ಕೇಸ್ ಹಾಕುತ್ತೇನೆ. ಹುಡುಗ ಟ್ರಿಗರ್ ಒತ್ತುತ್ತಾನೆ, ಟಿಕ್ ಅನ್ನುತ್ತದೆ, ಗುಂಡು ಹಾರುವುದಿಲ್ಲ. ಆದರೆ ಕೋವಿಯ ಮೂತಿ ಮಾತ್ರ ಗಬಕ್ಕನೆ ಕೆಳಗೆ ಬಾಗುತ್ತದೆ. ಅವನೇ ನೋಡುತ್ತಾನೆ. ಆಮೇಲೆ ನಾನು ಏನೂ ಹೇಳಬೇಕಾಗಿಲ್ಲ. ಖಾಲಿ ಕೇಸನ್ನು ಸುಮ್ನೆ ಹಾಕುವುದಲ್ಲ, ಚೇಂಬರಿನಲ್ಲಿ, ಅಂದರೆ ಗುಂಡು ಕೂರುವ ಜಾಗದಲ್ಲಿ, ಏನೂ ಇಲ್ಲದೆ ಟ್ರಿಗರ್ ಒತ್ತುತ್ತಿದ್ದರೆ ಪಾಯಿಂಟ್ 22ರಲ್ಲಿ ಗುಂಡಿಗೆ ಬಡಿಯುವ ಫೈರಿಂಗ್ ಪಿನ್ ಹಾಳಾಗಬಹುದು.

ಗಾಳಿ ನೋಡುವುದನ್ನು ಕಲಿಸುವುದು ನನ್ನ ಗೆಳೆಯ. ಬೇಲಿಯಾಚೆ ಕಾಫಿ ತೋಟ, ಅದರಲ್ಲಿ ಸಿಲ್ವರ್ ಓಕ್ ಮರಗಳು. ಎಲೆ ಮಗುಚಿ ಬೆಳ್ಳಗೆ ಕಂಡರೆ ಕಾಯಿರಿ ಅನ್ನುತ್ತಾನೆ. ಅಡ್ಡಗಾಳಿ ಜೋರಾಗಿದ್ದರೆ 100 ಮೀಟರಿನಲ್ಲಿ ನಾಲ್ಕು ಬೆರಳಿಗಿಂತ ಜಾಸ್ತಿಯೇ ಗುಂಡು ಸರಿಯುತ್ತದೆ.

ಕಳೆದ ಹಬ್ಬಕ್ಕೆ ನಮ್ಮ ಕ್ಲಬ್ಬಿನ ಕಾಲೇಜು ಹುಡುಗಿಯೊಬ್ಬಳು ಸ್ಪರ್ಧೆಗೆ ಬಂದಿದ್ದಳು. ಮಲಗುವ ಮೊದಲು ಕಾಯಿಯವರೆಗೆ ಹೆಜ್ಜೆ ಹಾಕಿ ದೂರ ಅಳೆದಳು. ಜನ ನಕ್ಕರು. ‘ಮಾವ, ನೂರಿಲ್ಲ, ಎಂಬತ್ತರ ಹತ್ತಿರ’ ಎಂದು ನನ್ನ ಕಿವಿಯಲ್ಲಿ ಹೇಳಿ ಹೋದಳು. ಎರಡನೇ ಗುಂಡಿಗೆ ಕಾಯಿಯಿಂದ ನೀರು ಚಿಮ್ಮಿತು.