ತಾಮ್ರ ಹಾಕದೆ ಇಚ್ ಕಳೆದದ್ದು: ಎರಡು ಟಬ್ಬು, ಎಪ್ಪತ್ತೆರಡು ಗಂಟೆ

ನನ್ನ 300 ಲೀಟರ್ ಉಪ್ಪುನೀರಿನ ಟ್ಯಾಂಕಿನ ಬ್ಲೂ ಟ್ಯಾಂಗ್ ಮೀನಿನ ಮೈಮೇಲೆ ಹದಿನಾಲ್ಕು ತಿಂಗಳಿಂದ ಒಂದು ಬಿಳಿ ಚುಕ್ಕೆ ಕಂಡಿಲ್ಲ. ಟ್ಯಾಂಗ್ ಸಾಕಿದವರಿಗೆ ಇದು ಎಂಥ ಮಾತು ಅಂತ ಗೊತ್ತು. ತಾಮ್ರದಂಥ ಔಷಧಿಯಿಲ್ಲದೆ ಬರೀ ಟಬ್ಬು ಬದಲಿಸಿ ಇಚ್ (ಮೀನಿಗೆ ಬಿಳಿ ಚುಕ್ಕೆ ತರುವ ಪರೋಪಜೀವಿ) ಕಳೆಯುತ್ತೇನೆ ಅಂದಾಗ ಇಲ್ಲಿನ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. "ಇಚ್ ಎಲ್ಲ ಟ್ಯಾಂಕಲ್ಲೂ ಇರುತ್ತೆ ಗುರು, ಮೀನು ಗಟ್ಟಿ ಇದ್ರೆ ಸಾಕು" ಅನ್ನೋದೇ ಎಲ್ಲರ ಉತ್ತರ. ಇರಲೇಬೇಕು ಅಂತೇನಿಲ್ಲ.

ಮೊದಲು ಕಳೆದುಕೊಂಡ ಲೆಕ್ಕ. ಬೆಳ್ಳುಳ್ಳಿ ರಸದಲ್ಲಿ ನೆನೆಸಿದ ಮೈಸಿಸ್ (ಸಣ್ಣ ಸೀಗಡಿಯಂಥ ಮೀನಿನ ಊಟ) ಕೊಟ್ಟೆ. ಮೀನುಗಳು ಆಸೆಯಿಂದ ತಿಂದವು, ಚುಕ್ಕೆ ಹಾಗೇ ಉಳಿದವು. 9 ವ್ಯಾಟಿನ ಯುವಿ ದೀಪ ಹಾಕಿದೆ. ನೀರು ತಿಳಿಯಾಯಿತು, ಅಷ್ಟೇ. ಆಮೇಲೆ ಬೇರೆ ಟಬ್ಬಿನಲ್ಲಿ ಹೈಪೋ: ಉಪ್ಪಿನಂಶ ಸಾಂದ್ರತೆಯ ಲೆಕ್ಕದಲ್ಲಿ 1.009ಕ್ಕೆ, ಅಂದರೆ ಸುಮಾರು 12 ಪಿಪಿಟಿಗೆ (ಸಾವಿರಕ್ಕೆ 12 ಪಾಲು ಉಪ್ಪು) ಇಳಿಸಿ ನಾಲ್ಕು ವಾರ ಇಟ್ಟೆ. ಮೂರನೇ ವಾರಕ್ಕೆ ಚುಕ್ಕೆ ವಾಪಸ್. ಕಾರಣ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್. ಆರ್‌ಒ ನೀರಿನಲ್ಲಿ ಸೊನ್ನೆಗೆ ಕೂರಿಸಿ ಎಷ್ಟು ಕಾಲವಾಗಿತ್ತೋ, ತಿರುಪು ಸಡಿಲವಾಗಿ ಜರುಗಿತ್ತು. 36.5 ಗ್ರಾಂ ಅಡುಗೆ ಉಪ್ಪನ್ನು 963.5 ಗ್ರಾಂ ಆರ್‌ಒ ನೀರಿನಲ್ಲಿ ಕರಗಿಸಿದರೆ ಅದು 35 ಪಿಪಿಟಿ ತೋರಿಸಬೇಕು. ನನ್ನದು ತೋರಿಸಿದ್ದು 31. ಅಂದರೆ ನಾನು 12 ಅಂತ ನಂಬಿದ್ದ ನೀರು 16ರ ಹತ್ತಿರ. ಇಷ್ಟು ಸಾಕು ಇಚ್ ಬದುಕಿಕೊಳ್ಳಲು. ಈಗ ತಿಂಗಳಿಗೊಮ್ಮೆ ಈ ದ್ರಾವಣದಲ್ಲೇ ಕೂರಿಸುತ್ತೇನೆ, ಸೊನ್ನೆಯಲ್ಲಿ ಅಲ್ಲ.

ಸತ್ತ ಮೀನೂ ಸೇರಿ ಹದಿನೆಂಟಿಪ್ಪತ್ತು ಸಾವಿರ ಹೋಗಿತ್ತು. ಟಬ್ಬಿನ ಪದ್ಧತಿಗೆ ತಗುಲಿದ್ದು ಆರು ಸಾವಿರದೊಳಗೆ. ಕೆ.ಆರ್. ಮಾರ್ಕೆಟ್ಟಿನಿಂದ ಮುಚ್ಚಳವಿರುವ 50 ಲೀಟರಿನ ಎರಡು ಕ್ರೇಟು. ಹೀಟರ್, ಏರ್ ಸ್ಟೋನ್, ಪೈಪು, ಥರ್ಮಾಮೀಟರ್, ಅಡಗಲು ಪಿವಿಸಿ ಎಲ್ಬೋ, ಎಲ್ಲವೂ ಎರಡೆರಡು ಸೆಟ್; ಒಂದರದ್ದು ಇನ್ನೊಂದಕ್ಕೆ ಹೋಗಲೇಬಾರದು. ಪ್ರತಿ ಸಲ 40 ಲೀಟರ್ ನೀರು, 1.4 ಕೆಜಿ ಉಪ್ಪು. ಐದು ಸಲ ತುಂಬಲು 7 ಕೆಜಿ. ಖರ್ಚಿನಲ್ಲಿ ದೊಡ್ಡ ಪಾಲು ಉಪ್ಪಿನದೇ.

1, 4, 7, 10, 13ನೇ ದಿನ ಮೀನಿಗೆ ಟಬ್ಬು ಬದಲಾವಣೆ. ಮೈಯಿಂದ ಉದುರಿದ ಪರೋಪಜೀವಿ ತಳದಲ್ಲಿ ಕೋಶ ಕಟ್ಟಿ ಒಡೆಯಲು ಕನಿಷ್ಠ ಮೂರು ದಿನ ಬೇಕು. ಅಷ್ಟರೊಳಗೆ ಮೀನು ಅಲ್ಲಿರಬಾರದು, ಇದೇ ಇಡೀ ಕೆಲಸ. ನಾಲ್ಕು ಗಂಟೆ ಮೊದಲಾದರೆ ಪರವಾಗಿಲ್ಲ, ಒಂದು ಗಂಟೆ ತಡವಾಗಬಾರದು. ನಾನು ಬೆಳಿಗ್ಗೆ ಏಳಕ್ಕೆ ಇಟ್ಟುಕೊಂಡೆ, ಆಫೀಸಿನ ದಿನಗಳಲ್ಲೂ. ಮೀನನ್ನು ತೂತಿನ ಪ್ಲಾಸ್ಟಿಕ್ ಬಟ್ಟಲಲ್ಲಿ ಎತ್ತಿ, ನೀರು ಸೋರಿಸಿ ದಾಟಿಸಬೇಕು. ಖಾಲಿಯಾದ ಟಬ್ಬು, ಸಾಮಾನು ಬಿಸಿಲಲ್ಲಿ ಒಂದು ಪೂರ್ತಿ ದಿನ ಒಣಗಬೇಕು. ಜುಲೈ ಮಳೆಯಲ್ಲಿ ಬಿಸಿಲೆಲ್ಲಿ? ವಿನಿಗರ್ ಹಾಕಿ ಉಜ್ಜಿ ಫ್ಯಾನಿನಡಿ ಇಟ್ಟೆ. ದೊಡ್ಡ ಟ್ಯಾಂಕಿನಿಂದ ಹತ್ತು ಅಡಿ ದೂರವಿರಲಿ, ಗುಳ್ಳೆ ಸಿಡಿದ ಹನಿಯೂ ಸಾಕು ಅಂಟಲು. 

ನಡುವೆ ಒಂದು ಪ್ರಯೋಗ. ಟಬ್ಬಿನ ತಳದಲ್ಲಿ ಕಪ್ಪು ಅಕ್ರಿಲಿಕ್ ತಟ್ಟೆ ಇಟ್ಟೆ. ಇಚ್ ಉದುರುವುದು ಹೆಚ್ಚಾಗಿ ಬೆಳಕು ಹರಿಯುವ ಮುಂಚೆ. ಐದಕ್ಕೆ ಟಾರ್ಚು ಓರೆಯಾಗಿ ಹಿಡಿದರೆ ತಟ್ಟೆಯ ಮೇಲೆ ಸಣ್ಣ ರವೆಯಂಥ ಬಿಳಿ ಕಾಳು. ಕೆಲವು ನಿಧಾನಕ್ಕೆ ತೆವಳುತ್ತಿದ್ದವು. ಮೊದಲ ಟಬ್ಬಿನಲ್ಲಿ ಮೂವತ್ತಕ್ಕೂ ಮೇಲೆ, ಎರಡನೆಯದರಲ್ಲಿ ಹತ್ತು ಹನ್ನೆರಡು, ಮೂರನೆಯದರಲ್ಲಿ ಒಂದು. ನಾಲ್ಕನೆಯದು ಪೂರ್ತಿ ಕಪ್ಪು. ಆ ಬೆಳಿಗ್ಗೆ ಗೆಳೆಯರಿಗೆ ಕಳಿಸಿದ ಫೋಟೋ ಇನ್ನೂ ಇಟ್ಟುಕೊಂಡಿದ್ದೇನೆ.

ಈ ಪದ್ಧತಿಯಲ್ಲಿ ಮೀನು ಕೊಲ್ಲುವುದು ಅಮೋನಿಯ. ಫಿಲ್ಟರ್ ಇಲ್ಲ, ಆದ್ದರಿಂದ ದಿನಕ್ಕೊಂದೇ ಸಲ ಚಿಟಿಕೆಯಷ್ಟು ಊಟ, ಎರಡನೇ ಸಂಜೆ ಪರೀಕ್ಷೆ, ಬಣ್ಣ ತಿರುಗಿದರೆ 40 ಲೀಟರಿಗೆ 1 ಮಿಲಿ ಪ್ರೈಮ್ (ಸೀಕೆಮ್ ಕಂಪನಿಯ ನೀರಿನ ಕಂಡೀಷನರ್). ತಾಮ್ರ ಇರುವ ನೀರಿಗೆ ಮಾತ್ರ ಪ್ರೈಮ್ ಹಾಕಬೇಡಿ. ಬೋರ್ ನೀರಾದರೂ ಕಾವೇರಿಯಾದರೂ ಆರ್‌ಒ-ಡಿಐ (ಆರ್‌ಒ ಆದಮೇಲೆ ಉಳಿದ ಲವಣವನ್ನೂ ತೆಗೆಯುವ ಫಿಲ್ಟರ್) ದಾಟಿ ಟಿಡಿಎಸ್ ಸೊನ್ನೆಗೆ ಬರಬೇಕು. ಅಡುಗೆಮನೆಯ ಪ್ಯೂರಿಫೈಯರ್ ನೀರು ಬಳಸುವವರು ಕಾರ್ಟ್ರಿಜ್ ನೋಡಿಕೊಳ್ಳಿ. ಈಗ ಬರುವ ಹಲವು ಮಾಡೆಲ್ಲುಗಳು ನೀರಿಗೆ ತಾಮ್ರ ಸೇರಿಸುತ್ತವೆ. ಸೀಗಡಿ, ಬಸವನಹುಳು ಕಾರಣ ತಿಳಿಯದೆ ಸಾಯುತ್ತಿದ್ದರೆ ಮೊದಲು ಅಲ್ಲಿ ಹುಡುಕಿ.

ವೆಲ್ವೆಟ್ ಅನ್ನೋ ಇನ್ನೊಂದು ಪರೋಪಜೀವಿಗೆ ಇದು ನಡೆಯಲ್ಲ. ಮೈಮೇಲೆ ಧೂಳು ಉದುರಿಸಿದ ಹಾಗಿದ್ದು, ಮೀನು ಪವರ್‌ಹೆಡ್ (ನೀರು ತಳ್ಳುವ ಪಂಪು) ಮುಂದೆ ಹೋಗಿ ನಿಂತು ಏದುಸಿರು ಬಿಡುತ್ತಿದ್ದರೆ ಕಾಯಬೇಡಿ, ನೇರ ತಾಮ್ರದ ಔಷಧಿ ಬೆರೆಸಿದ ಟಬ್ಬಿಗೆ ಹಾಕಿ. ಎರಡು ಮೂರು ದಿನದಲ್ಲೇ ಪೂರ್ತಿ ಟ್ಯಾಂಕ್ ಖಾಲಿಯಾಗಬಹುದು. ಫ್ಲೂಕ್‌ಗೂ (ಮೀನಿಗೆ ಅಂಟುವ ಚಪ್ಪಟೆ ಹುಳು) ನಡೆಯಲ್ಲ. ಅದಕ್ಕೆ ಪಿಎಚ್, ಬಿಸಿ ಹೊಂದಿಸಿದ ಸಿಹಿನೀರಿನಲ್ಲಿ ಐದು ನಿಮಿಷ. ಇದ್ದರೆ ಎಳ್ಳಿನಂತೆ ಬೆಳ್ಳಗೆ ಉದುರುತ್ತವೆ. ಆಮೇಲೆ ಪ್ರಾಜಿಕ್ವಾಂಟೆಲ್ ಅನ್ನೋ ಹುಳುವಿನ ಔಷಧಿ.

ಇತ್ತ ದೊಡ್ಡ ಟ್ಯಾಂಕ್ 76 ದಿನ ಮೀನಿಲ್ಲದೆ ಇರಬೇಕು, ಅಲ್ಲಿ ಉಳಿದ ಇಚ್ ಮೀನು ಸಿಗದೆ ಸಾಯಲು. ಮೊದಲ ಸಲ ನಾನು ಎಣಿಸಿದ್ದು ದಂಡವಾಯಿತು: ಸತ್ತಿದೆ ಅಂದುಕೊಂಡಿದ್ದ ಒಂದು ಗೋಬಿ ಮೀನು ಬಂಡೆ ಸಂದಿಯಲ್ಲಿ ಬದುಕಿತ್ತು, 60ನೇ ದಿನ ಹೊರಬಂತು. ಎಣಿಕೆ ಮತ್ತೆ ಒಂದರಿಂದ. ಹೊಸದಾಗಿ ತಂದ ಹವಳದ ತುಂಡಿನ ಬುಡದಲ್ಲೂ ಕೋಶ ಬರಬಹುದು, ಹಾಗಾಗಿ ಅವಕ್ಕೂ ಮೀನಿಲ್ಲದ 20 ಲೀಟರಿನ ಬೇರೆ ಟ್ಯಾಂಕ್, ಅದೇ 76 ದಿನ. ಸದ್ಯ ಅಲ್ಲಿ ಎರಡು ತುಂಡು ಝೊಆಂಥಿಡ್ ಇವೆ, ಇವತ್ತಿಗೆ 41ನೇ ದಿನ.